ಕೇಳದೆ ಅಳಿಸಿದ ಯಂತ್ರ

ದೊಡ್ಡಕ್ಕನ ಬಳಿ ಎರಡನೆಯ ಸಾಕ್ಷಿ ಇರಲಿಲ್ಲ.

ಮೊದಲನೆಯದನ್ನು ಸೋಮವಾರವೇ ಎಲ್ಲರ ಮುಂದೆ ಮೇಜಿನ ಮೇಲೆ ಇಟ್ಟಾಗಿತ್ತು. ಸರ್ವರ್ ಕೋಣೆಯ ಲಾಗ್ ಪುಸ್ತಕ, ಅದರಲ್ಲಿ ಹೋದ ಗುರುವಾರದ ಪುಟ, ಪುಟದ ಕೆಳಗೆ ಅವಳ ಸಹೋದ್ಯೋಗಿ ಚೌಕಾಸಿಯ ಸಹಿ. ಗುರುವಾರ ಬೆಳಿಗ್ಗೆ ಅವನು ಸರ್ವರ್‌ನಿಂದ ಒಂದು ಹಳೆಯ ಸಾಫ್ಟ್‌ವೇರ್ ತೆಗೆದುಹಾಕಿದ. ಮಧ್ಯಾಹ್ನದ ಹೊತ್ತಿಗೆ ಕೇಂದ್ರದ ಇಡೀ ಡೇಟಾಬೇಸ್ ಮಾಯ. ಎರಡಕ್ಕೂ ಗಂಟು ಹಾಕಿ "ಇವನೇ" ಎಂದು ಬೆರಳು ತೋರಿಸಿದವಳು ದೊಡ್ಡಕ್ಕ.

ಇವತ್ತು ಬುಧವಾರ. ನಾಲ್ಕು ಗಂಟೆಗೆ ವಿಚಾರಣೆ. ಎರಡನೆಯ ಸಾಕ್ಷಿ ಸಿಕ್ಕಿದರೆ ಚೌಕಾಸಿಯ ಕೆಲಸ ಹೋಗುತ್ತದೆ. ಸಿಗದಿದ್ದರೂ ಹೋಗುತ್ತದೆ. ಆದರೆ ದೊಡ್ಡಕ್ಕನಿಗೆ ಯಾವ ಕೆಲಸವೂ ಅಚ್ಚುಕಟ್ಟಾಗಿ ಮುಗಿಯಬೇಕು.

ಕಾಣೆಯಾದವರ ಗುರುತು ಹಚ್ಚುವ ಕೇಂದ್ರ ಅದು. ಮನೆಯವರು ಬಂದು ಬಾಯಿ ತೆರೆದು, ಕೆನ್ನೆಯ ಒಳಗಿನಿಂದ ಹತ್ತಿಯ ಕಡ್ಡಿಯಲ್ಲಿ ಸ್ಯಾಂಪಲ್ ಕೊಟ್ಟು ಹೋಗುತ್ತಾರೆ. ಎಲ್ಲೋ ಗುರುತಿಲ್ಲದ ಹೆಣ ಸಿಕ್ಕಿದರೆ ಅದನ್ನೂ ಇವನ್ನೂ ಹೋಲಿಸಿ ನೋಡುವುದು ಸರ್ವರ್‌ನ ಕೆಲಸ. ಆ ಲಿನಕ್ಸ್ ಸರ್ವರ್ ನೋಡಿಕೊಳ್ಳುವವರು ಇಬ್ಬರೇ. ಅವಳು ಹದಿಮೂರು ವರ್ಷದಿಂದ, ಅವನು ಏಳು ವರ್ಷದಿಂದ.

ಅವನಿಗೆ ಚೌಕಾಸಿ ಎಂದು ಹೆಸರಿಟ್ಟವಳೂ ಅವಳೇ. ಸರ್ವರ್‌ಗೆ ಒಂದು ಪ್ಯಾಕೇಜ್, ಅಂದರೆ ಸಾಫ್ಟ್‌ವೇರಿನ ಒಂದು ಕಟ್ಟು, ಹಾಕು ಎಂದರೆ "ಯಾಕೆ?" ಅನ್ನುತ್ತಿದ್ದ. ತೆಗೆ ಎಂದರೂ "ಯಾಕೆ?" ಲಾಗ್ ಪುಸ್ತಕದಲ್ಲಿ 'ಏನು ಮಾಡಿದೆ' ಎಂಬ ಕಾಲಮ್ಮಿನ ಪಕ್ಕ ಸ್ಕೇಲಿಟ್ಟು ಗೆರೆ ಎಳೆದು 'ಯಾಕೆ ಮಾಡಿದೆ' ಎಂಬ ಇನ್ನೊಂದು ಕಾಲಮ್ ಸೇರಿಸಿದವನು ಅವನು. ಮೊಳೆಗೆ ದಾರ ಕಟ್ಟಿ ನೇತುಹಾಕಿದ ಆ ಪುಸ್ತಕದಲ್ಲಿ ಬರೆಯದೆ ಯಂತ್ರವನ್ನು ಮುಟ್ಟುವಂತಿರಲಿಲ್ಲ.

ಇಷ್ಟೊಂದು ಚೌಕಾಸಿ ಮಾಡುವವನು ಗುರುವಾರ ಮಾತ್ರ ಹೇಗೆ ಎಡವಿದ? ಈ ಪ್ರಶ್ನೆ ಸೋಮವಾರವೇ ಬರಬೇಕಿತ್ತು. ಬಂದಿರಲಿಲ್ಲ. ಬಂದದ್ದು ಇವತ್ತು, ಹನ್ನೊಂದು ಗಂಟೆಗೆ, ಸರ್ವರ್ ಕೋಣೆಯ ಚಳಿಯಲ್ಲಿ ಶಾಲು ಹೊದ್ದು ಕೂತಿದ್ದಾಗ.

ಪುಸ್ತಕ ಮನುಷ್ಯರು ಬರೆಯುವುದು. ಯಂತ್ರವೂ ತನ್ನ ಲೆಕ್ಕ ಬರೆದುಕೊಳ್ಳುತ್ತದೆ. ಯಾವ ಪ್ಯಾಕೇಜ್ ಬಂತು, ಯಾವುದು ಹೋಯಿತು, ಯಾರು ಹೇಳಿ ಮಾಡಿಸಿದರು, ಎಲ್ಲ. ದೊಡ್ಡಕ್ಕ ಅದನ್ನು ತೆರೆದಳು.

ಗುರುವಾರ ಬೆಳಗಿನ ನಮೂದು ಸಿಕ್ಕಿತು. ಹಳೆಯ ಅರ್ಜಿ ತುಂಬುವ ಸಾಫ್ಟ್‌ವೇರ್ ತೆಗೆಯಲಾಗಿದೆ. ಮಾಡಿಸಿದವರು: ಚೌಕಾಸಿಯ ಲಾಗಿನ್. ಪುಸ್ತಕದಲ್ಲಿ ಬರೆದದ್ದೂ ಇಷ್ಟೇ. ಮಧ್ಯಾಹ್ನದ ನಮೂದು ಅದರ ಕೆಳಗಿತ್ತು. ಬೇಡವಾದ ಪ್ಯಾಕೇಜುಗಳನ್ನು ಗುಡಿಸಲಾಗಿದೆ, ಡೇಟಾಬೇಸ್ ಪ್ಯಾಕೇಜ್ ಹೋಗಿದೆ, ಅದರ ಡೇಟಾ ಕೂಡ ಹೋಗಿದೆ. ಮಾಡಿಸಿದವರು...

ಆ ಸಾಲೇ ಇರಲಿಲ್ಲ.

ದೊಡ್ಡಕ್ಕ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡಳು. ಮನುಷ್ಯ ಲಾಗಿನ್ ಆಗಿ ಮಾಡಿಸಿದರೆ ಅವನ ಹೆಸರು ಬಿದ್ದೇ ಬೀಳುತ್ತದೆ. ಬೀಳದೆ ಇರುವುದು ಯಂತ್ರ ತಾನೇ ಮಾಡಿದಾಗ. ಅಂದರೆ ಯಾರೋ ಯಾವಾಗಲೋ ಬರೆದಿಟ್ಟ ಸ್ಕ್ರಿಪ್ಟ್, ಅಲಾರಂ ಇಟ್ಟ ಹಾಗೆ, ಹೇಳಿದ ಹೊತ್ತಿಗೆ ಎದ್ದು ಕೆಲಸ ಮಾಡಿ ಮತ್ತೆ ಮಲಗಿದೆ.

ಅಂಥವು ಆ ಸರ್ವರ್‌ನಲ್ಲಿ ನಾಲ್ಕೇ ಇದ್ದವು. ಮೂರನೆಯದನ್ನು ತೆರೆದಾಗ ಮೊದಲ ಸಾಲಿನಲ್ಲೇ ಬರೆದವರ ಲಾಗಿನ್ ಇತ್ತು. ಒಂಬತ್ತು ವರ್ಷದ ಹಿಂದಿನ ತಾರೀಕಿತ್ತು. ಕೆಳಗೆ ಒಂದು ಟಿಪ್ಪಣಿ: "ತಲೆ ತಿನ್ನಬೇಡ. ಕೇಳದೆ ಮಾಡು."

ಲಾಗಿನ್ ಅವಳದು. ಟಿಪ್ಪಣಿಯ ಜೋರೂ ಅವಳದೇ.

ನೆನಪಾಯಿತು. ಆಗ ಪ್ರತಿ ಗುರುವಾರ ಅವಳೇ ಕೂತು ಹಳೆಯ ಪ್ಯಾಕೇಜುಗಳನ್ನು ಗುಡಿಸುತ್ತಿದ್ದಳು. ಯಂತ್ರ ಒಂದೊಂದಕ್ಕೂ "ತೆಗೆಯಲೇ?" ಎಂದು ಕೇಳುತ್ತಿತ್ತು. ಡೇಟಾ ಇದ್ದರೆ "ಅದನ್ನೂ ಅಳಿಸಲೇ?" ಎಂದು ಇನ್ನೊಮ್ಮೆ ಕೇಳುತ್ತಿತ್ತು. ಸಾಕಾಗಿ ಹೋಗಿ, ಎಲ್ಲ ಪ್ರಶ್ನೆಗೂ ಮುಂಚೆಯೇ 'ಹೌದು' ಎಂದು ಉತ್ತರ ಬರೆದಿಟ್ಟು, ಯಂತ್ರದ ಬಾಯಿ ಮುಚ್ಚಿಸಿದ್ದಳು. ಒಂಬತ್ತು ವರ್ಷ ಅದು ಬಾಯಿ ಮುಚ್ಚಿಕೊಂಡು ಗುಡಿಸಿತು.

ಬ್ಯಾಕಪ್ ಯಂತ್ರವೂ ಅಷ್ಟೇ ವಿಧೇಯ. ಗಂಟೆಗೊಮ್ಮೆ ಮೂಲ ಹೇಗಿದೆಯೋ ಹಾಗೆ ನಕಲು ಮಾಡುವುದು ಅದರ ಕೆಲಸ. ಗುರುವಾರ ಮೂಲ ಖಾಲಿಯಾಯಿತು. ಒಂದು ಗಂಟೆಯ ನಂತರ ಖಾಲಿಯನ್ನೂ ಶ್ರದ್ಧೆಯಿಂದ ನಕಲು ಮಾಡಿತು.

ದೊಡ್ಡಕ್ಕನ ಕಿವಿ ಬಿಸಿಯಾಯಿತು. ಆದರೂ ಒಂದು ಎಳೆ ಉಳಿದಿತ್ತು. ಡೇಟಾಬೇಸನ್ನು ಗುಡಿಸುವಂತೆಯೇ ಇರಲಿಲ್ಲ.

ಪ್ಯಾಕೇಜುಗಳದ್ದು ಮದುವೆ ಮನೆಯ ನೆಂಟರ ಲೆಕ್ಕ. ಕೆಲವರನ್ನು ನಾವೇ ಕರೆದಿರುತ್ತೇವೆ. ಕೆಲವರು ಕರೆದವರ ಜೊತೆ ಬಂದಿರುತ್ತಾರೆ. ಕರೆದವರು ಎದ್ದು ಹೋದರೆ, ಜೊತೆಗೆ ಬಂದವರಿಗೂ ಬಾಗಿಲು ತೋರಿಸುವುದು ಗುಡಿಸುವ ಸ್ಕ್ರಿಪ್ಟಿನ ಕೆಲಸ. ಡೇಟಾಬೇಸ್ ಆ ಹಳೆಯ ಅರ್ಜಿ ಸಾಫ್ಟ್‌ವೇರಿನ ಜೊತೆಗೆ ಬಂದದ್ದು. ಅದಕ್ಕೇ ಆರು ವರ್ಷದ ಹಿಂದೆ ಚೌಕಾಸಿ ಹೇಳಿದ್ದ, ಡೇಟಾಬೇಸ್ ಮೇಲೆ 'ಕರೆದವರು' ಎಂಬ ಗುರುತು ಹಾಕಿಬಿಡೋಣ, ಆಗ ಅದನ್ನು ಯಾರೂ ಮುಟ್ಟಲ್ಲ ಅಂತ.

ಬೀರುವಿನಿಂದ ಹಳೆಯ ಲಾಗ್ ಪುಸ್ತಕ ತೆಗೆದಳು. ಪುಟ ಸಿಕ್ಕಿತು. ಏನು: ಡೇಟಾಬೇಸ್‌ಗೆ ಗುರುತು ಹಾಕುವುದು. ಯಾಕೆ: ಗುಡಿಸುವಾಗ ಹೋಗಬಾರದು. ಅಷ್ಟು ಚೌಕಾಸಿಯ ಅಕ್ಷರ. ಪಕ್ಕದಲ್ಲಿ "ಆಯಿತು" ಎಂದು ಬರೆದು ಸಹಿ ಹಾಕಿದ್ದು ದೊಡ್ಡಕ್ಕ.

ಆಗಿರಲಿಲ್ಲ.

ಅದೂ ನೆನಪಾಯಿತು. ಅವತ್ತು ಯಾರದೋ ಬೀಳ್ಕೊಡುಗೆ. ಕೆಳಗೆ ಫೋಟೋಗೆ ಎಲ್ಲರೂ ಕಾಯುತ್ತಿದ್ದರು. ನಾಳೆ ಹಾಕಿದರಾಯಿತು ಎಂದುಕೊಂಡು ಸಹಿ ಮಾತ್ರ ಹಾಕಿ ಮೆಟ್ಟಿಲಿಳಿದಿದ್ದಳು. ಫೋಟೋ ಚೆನ್ನಾಗಿ ಬಂದಿತ್ತು.

ಅವಳಿಗೆ ಮೊದಲು ಬಂದ ಯೋಚನೆ ಆ ಸ್ಕ್ರಿಪ್ಟನ್ನು ಅಳಿಸಿ, ಪುಟ ಹರಿದುಬಿಡುವುದು. ಎರಡನೆಯ ಯೋಚನೆ ಬರಲು ಪೂರ್ತಿ ಒಂದು ನಿಮಿಷ ಹಿಡಿಯಿತು. ಆ ಒಂದು ನಿಮಿಷದ ಬಗ್ಗೆ ಅವಳು ಆಮೇಲೂ ಯಾರಿಗೂ ಹೇಳಲಿಲ್ಲ.

ಯಂತ್ರದ ಲಾಗ್‌ಗಳನ್ನೆಲ್ಲ ಲ್ಯಾಪ್‌ಟಾಪಿಗೆ ನಕಲು ಮಾಡಿಕೊಂಡು, ಚೌಕಾಸಿಯ ಮನೆಗೆ ಹೊರಟಳು.

*

ಸೈಕಲ್ ಅಂಗಡಿಯ ಮೇಲಿನ ಮಹಡಿ. ಬಾಗಿಲು ತೆರೆದವಳು ಅವನ ಹೆಂಡತಿ. ಕೊರಳಲ್ಲಿ ಅಳತೆಯ ಟೇಪು, ಬಾಯಲ್ಲಿ ಎರಡು ಗುಂಡುಪಿನ್ನು. ಹಿಂದೆ ಹೊಲಿಗೆ ಯಂತ್ರದ ಮೇಲೆ ಅರ್ಧ ಹೊಲಿದ ಯೂನಿಫಾರ್ಮಿನ ತೋಳು.

ಪಿನ್ನು ತೆಗೆದು ಟೇಪಿಗೆ ಚುಚ್ಚಿ ಅವಳು ಹೇಳಿದಳು, "ಬನ್ನಿ ಅಕ್ಕ. ಏನಾದ್ರೂ ಮರೆತು ಹೋಗಿದ್ರಾ? ಸೋಮವಾರ ಎಲ್ಲಾ ತಗೊಂಡು ಹೋದ್ರಿ ಅಂದ್ಕೊಂಡಿದ್ದೆ."

"ಅವನಿದ್ದಾನಾ?"

"ಇರದೆ ಎಲ್ಲಿಗೆ ಹೋಗ್ತಾರೆ? ಕೆಲಸಕ್ಕೆ ಹೋಗೋ ಹಾಗಿಲ್ಲ. ಬೀದಿಗೆ ಹೋದ್ರೆ ಸೈಕಲ್ ಅಂಗಡಿಯವನೂ ಕೇಳ್ತಾನೆ, ಏನ್ ಸಾರ್, ಹೆಣಗಳ ಲೆಕ್ಕ ಅಳಿಸಿಬಿಟ್ರಂತೆ ಅಂತ." ಟೇಪನ್ನು ಕೊರಳಿಂದ ಎಳೆದು ಸುತ್ತತೊಡಗಿದಳು. "ನಮ್ಮ ಮದುವೇಲಿ ಇವರ ಕಡೆ ಯಾರೂ ಇಲ್ಲ ಅಂತ ನೀವೇ ಅಕ್ಕ ಆಗಿ ನಿಂತ್ರಲ್ಲ. ಅದನ್ನೇ ಹೇಳ್ತಿದ್ದೆ ಇವರಿಗೆ. ಸ್ವಂತ ಅಕ್ಕ ಇದ್ದಿದ್ರೆ ಇಷ್ಟು ಚೆನ್ನಾಗಿ ಕತ್ತು ಕುಯ್ಯೋಕೆ ಬರ್ತಿರಲಿಲ್ಲ ಅಂತ."

"ಸಾಕು ಬಿಡೇ," ಒಳಗಿನಿಂದ ಚೌಕಾಸಿಯ ದನಿ ಬಂತು.

"ಸಾಕು ಅನ್ನೋದನ್ನ ಸೋಮವಾರ ಅಲ್ಲಿ ಅನ್ನಬೇಕಿತ್ತು. ಅಲ್ಲಿ ಬಾಯಿಗೆ ಹೊಲಿಗೆ ಹಾಕ್ಕೊಂಡು ಕೂತಿದ್ರಿ."

ಅವನು ನೆಲದ ಮೇಲೆ ಕೂತು ಸಿದ್ಧವಾದ ಅಂಗಿಗಳಿಗೆ ಗುಂಡಿ ಹಾಕುತ್ತಿದ್ದ. ಒಂದೊಂದೂ ಗೆರೆ ಎಳೆದ ಹಾಗೆ ಸಾಲಾಗಿತ್ತು. ದೊಡ್ಡಕ್ಕ ಕುರ್ಚಿ ಬಿಟ್ಟು ನೆಲದ ಮೇಲೇ ಕೂತಳು. ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದ ಮಾತುಗಳು ಒಂದೂ ನೆನಪಿಗೆ ಬರಲಿಲ್ಲ.

"ನನ್ನ ಸ್ಕ್ರಿಪ್ಟು," ಎಂದಳು. "ಗುಡಿಸೋದು. ನೀನು ಬರೋಕೆ ಮುಂಚಿಂದು. ನಾನೇ ಬರೆದದ್ದು. ಮರೆತುಬಿಟ್ಟಿದ್ದೆ."

ಅವನು ದಾರ ಕಚ್ಚಿ ತುಂಡು ಮಾಡಿದ.

"ಇನ್ನೊಂದು ಇದೆ. ಆ ಗುರುತು. ಹಾಕಿದೀನಿ ಅಂತ ಪುಸ್ತಕದಲ್ಲಿ ಸಹಿ ಮಾಡಿದೆ. ಹಾಕಿರಲಿಲ್ಲ."

"ಗೊತ್ತು ಅಕ್ಕ."

"ಏನು ಗೊತ್ತು?"

"ಹಾಕಿರಲಿಲ್ಲ ಅಂತ. ಮಾರನೇ ದಿನ ನೋಡಿದೆ. ಇರಲಿಲ್ಲ. ನಾನೇ ಹಾಕಿದೆ."

ಹೊಲಿಗೆ ಯಂತ್ರದ ಸದ್ದು ನಿಂತಿತು. ಹೆಂಡತಿ ತಿರುಗಿ ನೋಡುತ್ತಿದ್ದಳು.

"ನನಗ್ಯಾಕೆ ಹೇಳಲಿಲ್ಲ?" ದೊಡ್ಡಕ್ಕನ ದನಿ ಅವಳಿಗೇ ಕೇಳಿಸದಷ್ಟು ಸಣ್ಣದಾಗಿತ್ತು.

"ಹೇಳಿದ್ರೆ ನಿಮಗೆ ನಾಚಿಕೆ ಆಗ್ತಿತ್ತು. ನಾನು ಆಗ ಹೊಸಬ." ಅವನು ಇನ್ನೊಂದು ಗುಂಡಿ ಆರಿಸಿದ. "ಪುಸ್ತಕದಲ್ಲಿ ಹೆಂಗೂ ಆಯಿತು ಅಂತ ಬರೆದಿತ್ತಲ್ಲ. ಅದನ್ನ ನಿಜ ಮಾಡಿದೆ ಅಷ್ಟೆ."

ಭೂಮಿ ಬಾಯಿ ಬಿಟ್ಟರೆ ಒಳಗೆ ಹೋಗುತ್ತೇನೆ ಎಂದು ಜನ ಹೇಳುವುದನ್ನು ದೊಡ್ಡಕ್ಕ ಕೇಳಿದ್ದಳು. ಸೈಕಲ್ ಅಂಗಡಿಯ ಸೂರು ಗಟ್ಟಿಯಾಗಿತ್ತು.

ಆರು ವರ್ಷ ಇವನು ಅವಳ ಸುಳ್ಳನ್ನು ಮುಚ್ಚಿಟ್ಟಿದ್ದ. ಸೋಮವಾರ ಎಲ್ಲರ ಮುಂದೆ ಅವಳು "ಕಾಳಜಿಯಿಲ್ಲದ ಕೆಲಸ" ಎಂದಾಗಲೂ ಬಾಯಿ ಬಿಟ್ಟಿರಲಿಲ್ಲ.

"ನಾನು ಅವತ್ತು ಆ ಹಳೇದನ್ನ ತೆಗೆದದ್ದೇ ಗುರುತು ಇದೆ ಅನ್ನೋ ಧೈರ್ಯದ ಮೇಲೆ," ಅವನು ಹೇಳಿದ. "ಗುರುವಾರ ತೆಗೀತೀನಿ ಅಂತ ಆಫೀಸಲ್ಲಿ ಎಲ್ಲರಿಗೂ ಮೊದಲೇ ಹೇಳಿದ್ದೆ. ಹದಿನೈದು ದಿನದ ಹಿಂದೆ ಗುರುತು ಕೂಡ ನೋಡಿದ್ದೆ. ಇತ್ತು. ಆಮೇಲೆ ಯಾರೋ ತೆಗೆದಿದ್ದಾರೆ. ಸೋಮವಾರ ಅದನ್ನ ಹೇಳೋಣ ಅಂದ್ರೆ ನನ್ನ ಲಾಗಿನ್ ಆಗಲೇ ಬಂದ್ ಮಾಡಿಸಿದ್ರಿ ನೀವು. ಬರೀ ಬಾಯಿಮಾತು ಯಾರು ನಂಬ್ತಾರೆ?"

ದೊಡ್ಡಕ್ಕ ಲ್ಯಾಪ್‌ಟಾಪ್ ತೆರೆದಳು. ಯಾರು ಯಾವ ಅಧಿಕಾರದ ಆಜ್ಞೆ ಕೊಟ್ಟರು ಎಂಬ ಲಾಗ್ ಬೇರೆಯೇ ಇರುತ್ತದೆ. ಇಬ್ಬರೂ ತಲೆಗೆ ತಲೆ ತಾಗಿಸಿ ಹುಡುಕಿದರು, ಎಷ್ಟೋ ವರ್ಷ ಹುಡುಕಿದ ಹಾಗೆಯೇ. ಹೋದ ವಾರದ ಮಂಗಳವಾರದಲ್ಲಿ ಸಿಕ್ಕಿತು. ಡೇಟಾಬೇಸ್ ಮೇಲಿನ ಗುರುತು ತೆಗೆಯುವ ಒಂದೇ ಒಂದು ಸಾಲಿನ ಆಜ್ಞೆ. ವೇಳೆ: ಒಂಬತ್ತೂ ಐವತ್ತು. ಲಾಗಿನ್: ದೊಡ್ಡಕ್ಕನದು.

"ಸರ್ವರ್ ಗಡಿಯಾರದಲ್ಲಿ ಒಂಬತ್ತೂ ಐವತ್ತು," ಚೌಕಾಸಿ ಗೊಣಗಿದ. ಸರ್ವರ್ ಇಡೀ ಲೋಕಕ್ಕೆ ಒಂದೇ ಆದ ಸಮಯದಲ್ಲಿ ಓಡುತ್ತಿತ್ತು, ಗೋಡೆಯ ಗಡಿಯಾರಕ್ಕಿಂತ ಐದೂವರೆ ಗಂಟೆ ಹಿಂದೆ. ಇದು ಅವರಿಬ್ಬರಿಗೇ ಅಭ್ಯಾಸವಾದ ಲೆಕ್ಕ. "ನಮ್ಮ ಲೆಕ್ಕದಲ್ಲಿ ಮೂರೂ ಇಪ್ಪತ್ತು. ಅವಾಗ ಎಲ್ಲಿದ್ರಿ?"

"ಹಲ್ಲಿನ ಡಾಕ್ಟರ್ ಕುರ್ಚೀಲಿ. ಬಾಯಿ ಅಗಲ ಬಿಟ್ಕೊಂಡು."

"ನಿಮ್ಮ ಪಾಸ್‌ವರ್ಡ್ ಯಾರಿಗೆ ಗೊತ್ತು?"

"ಯಾರಿಗೂ ಗೊತ್ತಿಲ್ಲ."

ಅವನು ಮೊದಲ ಸಲ ನಕ್ಕ. "ಅಕ್ಕ, ಕೀಬೋರ್ಡ್ ಕೆಳಗೆ ಚೀಟಿ ಅಂಟಿಸಿದ್ದೀರಿ. ಇಡೀ ಆಫೀಸಿಗೆ ಗೊತ್ತು. ಕಸ ಗುಡಿಸೋ ಅಜ್ಜಿ ಎರಡು ಸಲ ಹೊಸ ಟೇಪ್ ಹಾಕಿ ಅಂಟಿಸಿದ್ದಾಳೆ, ಪಾಪ, ಬಿದ್ದು ಹೋಗ್ತಿದೆ ಅಂತ."

ಹೆಂಡತಿ ಕಿಸಕ್ಕೆಂದಳು. ಕೂಡಲೇ ಬಾಯಿಗೆ ಕೈ ಅಡ್ಡ ಹಿಡಿದಳು.

"ಯಾರಿಗಾದರೂ ಯಾಕೆ ಬೇಕಿತ್ತು ಇದು?" ದೊಡ್ಡಕ್ಕ ಕೇಳಿದಳು.

"ಶುಕ್ರವಾರ ನಿರ್ದೇಶಕಿಯವರ ಸಹಿಗೆ ಹೋಗಬೇಕಿದ್ದ ಹೊಂದಿಕೆ ಒಂದೇ ಇತ್ತು. ಹದಿನೇಳುನೂರ ಎರಡನೇ ನಂಬರ್. ಒಂದು ಹೆಣಕ್ಕೆ ಮನೆಯವರು ಸಿಕ್ಕಿದ್ರು. ಯಾರು ಅಂತ ನಮಗೆ ತೋರಿಸಲ್ಲವಲ್ಲ, ಬರೀ ನಂಬರು. ಅದು ಹೊರಗೆ ಬರಬಾರದು ಅನ್ನೋರು ಯಾರೋ ಇರಬೇಕು." ಅವನು ಅಂಗಿ ಮಡಿಸಿ ಪಕ್ಕಕ್ಕಿಟ್ಟ. "ಅಕ್ಕ, ಇದನ್ನ ಹೇಳಿದ್ರೆ ಮೂರೂ ನಿಮ್ಮ ತಲೆಗೇ ಬರುತ್ತೆ. ಸ್ಕ್ರಿಪ್ಟು ನಿಮ್ದು, ಸುಳ್ಳು ಸಹಿ ನಿಮ್ದು, ಲಾಗಿನ್ನೂ ನಿಮ್ದೇ. ಮಾಡಿದವರು ಅದನ್ನ ನೋಡ್ಕೊಂಡೇ ಮಾಡಿದ್ದಾರೆ."

"ಹೇಳದಿದ್ರೆ?"

ಉತ್ತರ ಕೊಟ್ಟವಳು ಹೆಂಡತಿ. "ಹೇಳದಿದ್ರೆ ಇವರು ಗುಂಡಿ ಹಾಕ್ತಾರೆ. ಚೆನ್ನಾಗೇ ಹಾಕ್ತಾರೆ, ನೋಡಿ."

*

ವಿಚಾರಣೆಯ ಕೋಣೆಯ ಹೊರಗಿನ ಬೆಂಚಿನಲ್ಲಿ ಗಡಿಯಾರ ರಿಪೇರಿಯವನು ಕೂತಿದ್ದ. ನಾಲ್ಕು ವರ್ಷದಿಂದ ಪ್ರತಿ ಬುಧವಾರ ಬರುತ್ತಿದ್ದ. ಕಾಣೆಯಾದ ಹುಡುಗಿ ಅವನ ಮಲಮಗಳು. ಸ್ಯಾಂಪಲ್ ಕೊಟ್ಟವಳು ಅವನ ಹೆಂಡತಿ. ಅವಳು ಹೋದ ವರ್ಷ ತೀರಿಕೊಂಡಳು.

"ಯಂತ್ರ ಸರಿಯಾಯ್ತಾ ತಾಯಿ?" ಎಂದು ಎದ್ದು ನಿಂತ. "ಬೇಕಾದ್ರೆ ನನ್ನ ಕೆನ್ನೇದೇ ತಗೊಳ್ಳಿ. ಸಾಕಿದವನು ನಾನೇ ಅಲ್ವಾ?"

ಅದು ಪ್ರಯೋಜನಕ್ಕೆ ಬರಲ್ಲ ಎಂದು ಹೇಳಲು ದೊಡ್ಡಕ್ಕನಿಗೆ ನಾಲಿಗೆ ಹೊರಳಲಿಲ್ಲ. "ಕೂತ್ಕೊಳ್ಳಿ" ಎಂದಷ್ಟೇ ಹೇಳಿ ಒಳಗೆ ನಡೆದಳು.

ಒಳಗೆ ನಿರ್ದೇಶಕಿ, ಲ್ಯಾಬಿನ ಮುಖ್ಯಸ್ಥ, ನಡಾವಳಿ ಬರೆಯಲು ಗುಮಾಸ್ತ. ಗುಮಾಸ್ತನನ್ನು ಎಲ್ಲರೂ ಅಲ್ಪವಿರಾಮ ಎನ್ನುತ್ತಿದ್ದರು. ಬರೆದದ್ದನ್ನು ಓದುವಾಗ ಅಲ್ಪವಿರಾಮವನ್ನೂ ಓದುತ್ತಿದ್ದ. ಚೌಕಾಸಿ ಗೋಡೆಯ ಪಕ್ಕದ ಕುರ್ಚಿಯ ತುದಿಯಲ್ಲಿ ಕೂತಿದ್ದ.

"ಬೇಗ ಮುಗಿಸೋಣ," ನಿರ್ದೇಶಕಿ ಹೇಳಿದರು. "ನೀವು ಸೋಮವಾರ ಹೇಳಿದ್ದನ್ನೇ ಇನ್ನೊಮ್ಮೆ ಹೇಳಿ, ಬರ್ಕೊಳ್ತಾರೆ. ಈ ಯಂತ್ರದ ವಿಷಯ ನನಗೆ ತಲೆಬುಡ ಅರ್ಥ ಆಗಲ್ಲ. ನಾನು ಫೈಲಿನ ಕಾಲದವಳು."

"ಸೋಮವಾರ ಹೇಳಿದ್ದು ತಪ್ಪು ಮೇಡಂ."

ಅಲ್ಪವಿರಾಮನ ಪೆನ್ನು ನಿಂತಿತು.

ದೊಡ್ಡಕ್ಕ ನಿಂತೇ ಹೇಳಿದಳು. ಸ್ಕ್ರಿಪ್ಟಿನ ಮಾತು ಹೇಳಿದಳು. ಸುಳ್ಳು ಸಹಿಯ ಮಾತಿಗೆ ಬಂದು ಅರ್ಧಕ್ಕೆ ನಿಲ್ಲಿಸಿದಳು. ನೀರು ಕುಡಿದು ಮತ್ತೆ ಮೊದಲಿನಿಂದ ಹೇಳಿದಳು. ಹದಿಮೂರು ವರ್ಷ ಆ ಮೇಜಿನ ಸುತ್ತ ಅವಳು ಬೇರೆಯವರ ತಪ್ಪುಗಳನ್ನೇ ಓದಿದ್ದಳು. ಓದುವಾಗ ಇಷ್ಟು ಹೊತ್ತು ಹಿಡಿಯುತ್ತದೆಂದು ಗೊತ್ತಿರಲಿಲ್ಲ.

"ಇವನ ತಪ್ಪು ಒಂದೂ ಇಲ್ಲ," ಎಂದಳು. "ಇವನು ಹಾಕಿದ್ದ ಗುರುತನ್ನ ಯಾರೋ ತೆಗೆದಿದ್ದಾರೆ. ಬೇಕಂತಲೇ." ಲ್ಯಾಪ್‌ಟಾಪಿನ ಪರದೆ ನೋಡಿ ಇದ್ದದ್ದು ಇದ್ದಂತೆ ಓದಿದಳು. "ಹೋದ ವಾರ, ಮಂಗಳವಾರ, ಒಂಬತ್ತೂ ಐವತ್ತು. ನನ್ನ ಲಾಗಿನ್‌ನಿಂದ. ನಾನಲ್ಲ."

ನಿರ್ದೇಶಕಿ ಕನ್ನಡಕದ ಮೇಲಿಂದ ನೋಡಿದರು. "ನೀವಲ್ಲ ಅಂತ ನಾವು ಹೇಗೆ ನಂಬೋದು? ಮಾಡದೆ ಮಾಡಿದೆ ಅಂತ ಸಹಿ ಹಾಕೋರು ನೀವು. ಮಂಗಳವಾರ ಮೂರೂ ಇಪ್ಪತ್ತಕ್ಕೆ ಹಲ್ಲಿನ ಡಾಕ್ಟರ್ ಹತ್ರ ಇದ್ದೆ ಅಂತ ರಜಾ ಚೀಟಿ ಬರೆದಿದ್ದೀರಿ. ಅದೂ ಸುಳ್ಳೇ?"

ಮೂರೂ ಇಪ್ಪತ್ತು.

ಆ ಕೋಣೆಯಲ್ಲಿ ಯಾರೂ ಮೂರೂ ಇಪ್ಪತ್ತು ಎಂದಿರಲಿಲ್ಲ. ಅವಳು ಓದಿದ್ದು ಒಂಬತ್ತೂ ಐವತ್ತು. ರಜಾ ಚೀಟಿಯಲ್ಲಿ ಬರೆದದ್ದು ಬರೀ 'ಮಧ್ಯಾಹ್ನ'. ಐದೂವರೆ ಗಂಟೆ ಕೂಡಿಸಬೇಕೆಂದು ಗೊತ್ತಿದ್ದವರು ಇಬ್ಬರು. ಅಥವಾ ಆ ಹೊತ್ತಿನಲ್ಲಿ ಅವಳ ಕೀಬೋರ್ಡಿನ ಮುಂದೆ ಕೂತು, ಗೋಡೆಯ ಗಡಿಯಾರ ನೋಡಿದವರು.

ಹೇಳಲು ಬಾಯಿ ತೆರೆದಳು. ಲ್ಯಾಬಿನ ಮುಖ್ಯಸ್ಥ ಅಷ್ಟರಲ್ಲಿ ಮುಖ ತಿರುಗಿಸಿಯಾಗಿತ್ತು. ಅಲ್ಪವಿರಾಮ ತಲೆ ಎತ್ತಲಿಲ್ಲ. ಅವಳ ಮಾತಿಗೆ ಇದ್ದ ಬೆಲೆಯನ್ನೆಲ್ಲ ಅವಳು ಈಗಷ್ಟೇ, ಐದು ನಿಮಿಷದಲ್ಲಿ, ತನ್ನ ಕೈಯಾರೆ ಮುಗಿಸಿದ್ದಳು. ಉಳಿದದ್ದು ಒಂದು ಆಪಾದನೆಗೂ ಸಾಲುತ್ತಿರಲಿಲ್ಲ.

ಚೌಕಾಸಿಯತ್ತ ನೋಡಿದಳು. ಅವನು ನೆಲ ನೋಡುತ್ತಿದ್ದ.

"ಬರ್ಕೊಳ್ಳಿ," ನಿರ್ದೇಶಕಿ ಹೇಳಿದರು. "ಅವನ ಅಮಾನತು ರದ್ದು. ಇವರ ಅಮಾನತು ಈಗಿಂದಲೇ ಜಾರಿ. ಬೀಗದ ಕೈ ಇಲ್ಲಿಡಿ. ಆ ಲ್ಯಾಪ್‌ಟಾಪೂ ಇಡಿ, ಅದು ಕೇಂದ್ರದ್ದು."

ದೊಡ್ಡಕ್ಕ ಎರಡನ್ನೂ ಇಟ್ಟಳು. ನಿರ್ದೇಶಕಿ ಲ್ಯಾಪ್‌ಟಾಪನ್ನು ಮುಚ್ಚಿ ತಮ್ಮ ಕಡೆಗೆ ಎಳೆದುಕೊಂಡರು.

"ನೋಡಪ್ಪ," ಎಂದು ಚೌಕಾಸಿಯ ಕಡೆ ತಿರುಗಿದರು. "ಆ ಸರ್ವರ್ ಇನ್ನು ನಿನ್ನ ಜವಾಬ್ದಾರಿ. ಇವತ್ತೇ ಪೂರ್ತಿ ಅಳಿಸಿ ಮೊದಲಿಂದ ಹೊಸದಾಗಿ ಇನ್‌ಸ್ಟಾಲ್ ಮಾಡಿಬಿಡು. ಹಳೇದು ಒಂದೂ ಇರಬಾರದು."

ಅಳಿಸಿದ ಡೇಟಾ ಡಿಸ್ಕಿನಿಂದ ಒಮ್ಮೆಗೇ ಹೋಗುವುದಿಲ್ಲ. ಅದರ ಮೇಲೆ ಹೊಸದು ಬರೆಯುವವರೆಗೆ, ಹುಡುಕಿ ತೆಗೆಯುವವರಿದ್ದರೆ, ಸಿಗುವ ಆಸೆ ಇರುತ್ತದೆ. ಮಂಗಳವಾರದ ಆ ಸಾಲು ಇರುವುದೂ ಅದೇ ಯಂತ್ರದಲ್ಲಿ. ಇದನ್ನು ಚೌಕಾಸಿಗೆ ಕಲಿಸಿದವಳು ದೊಡ್ಡಕ್ಕ.

ಏಳು ವರ್ಷದಲ್ಲಿ ಅವನು ಯಾವ ಆಜ್ಞೆಗೂ ಪ್ರಶ್ನೆ ಕೇಳದೆ ಬಿಟ್ಟವನಲ್ಲ. ಅವಳು ಕಾದಳು.

"ಆಯ್ತು ಮೇಡಂ," ಎಂದ ಚೌಕಾಸಿ. ಎದ್ದು ಬೀಗದ ಕೈ ತೆಗೆದುಕೊಂಡ. ಅವಳ ಮುಖ ನೋಡದೆ ಹೊರಗೆ ಹೋದ.

"ನಷ್ಟದ ಪಟ್ಟಿ ಓದಿ ಮುಗಿಸಿ," ನಿರ್ದೇಶಕಿ ಹೇಳಿದರು.

ಅಲ್ಪವಿರಾಮ ಕಾಗದ ಎತ್ತಿಕೊಂಡು ಓದಿದ. ಹೋದ ದಾಖಲೆ ಒಟ್ಟು ಎರಡು ಸಾವಿರದ ನೂರ ಹದಿನಾಲ್ಕು. ಕಾಗದದ ಅರ್ಜಿಗಳಿಂದ ಮತ್ತೆ ಕಟ್ಟಬಹುದಾದದ್ದು ಎಂಟುನೂರ ಆರು. ಮನೆಯವರನ್ನು ಮತ್ತೆ ಕರೆಸಿ ಸ್ಯಾಂಪಲ್ ತೆಗೆಯಬಹುದಾದದ್ದು ಸಾವಿರದ ಇನ್ನೂರ ಎಪ್ಪತ್ತೇಳು. ಕೊಡುವವರೇ ಬದುಕಿಲ್ಲದ್ದು ಮೂವತ್ತೊಂದು.